ಹಳೆ ಕಾರಿನ ಇಂಜಿನ್: ಸದ್ದು ಮಾಡುವ ವಾಲ್ವ್‌ಗಿಂತ ಸುಮ್ಮನಿರುವ ವಾಲ್ವ್ ಅಪಾಯ

ಹಳೆ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಿವಿಗೆ ಬೀಳುವುದು ಟಿಕ್ ಟಿಕ್ ಸದ್ದು. ತುಂಬಾ ಜನ ಅದನ್ನು ಕೇಳಿದ ಕೂಡಲೇ ಸ್ಪಾನರ್ ಹುಡುಕುತ್ತಾರೆ. ಟ್ಯಾಪೆಟ್ ಬಿಗಿ ಮಾಡಿ, ಅಂದರೆ ವಾಲ್ವ್ ತುದಿಯ ಮೇಲಿನ ಸಂದು ಕಡಿಮೆ ಮಾಡಿ, ಸದ್ದು ನಿಲ್ಲಿಸುತ್ತಾರೆ. ಗಾಡಿ ನುಣ್ಣಗೆ ಓಡುತ್ತದೆ, ಎಲ್ಲರಿಗೂ ಸಮಾಧಾನ. ಕೆಲವು ತಿಂಗಳಾದ ಮೇಲೆ ಒಂದು ಸಿಲಿಂಡರ್ ಕೈಕೊಡುತ್ತದೆ. ಸಿಲಿಂಡರ್‌ಗಳ ಮೇಲಿನ ಹೆಡ್ ಬಿಚ್ಚಿ ನೋಡಿದರೆ, ಉರಿದ ಗ್ಯಾಸನ್ನು ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಟ್ಟು ಹೋಗಿರುತ್ತದೆ.

ಸದ್ದು ನಿಲ್ಲಿಸಿದ್ದಕ್ಕೇ ವಾಲ್ವ್ ಸುಟ್ಟಿತು ಅಂದರೆ ನಂಬುವುದು ಕಷ್ಟ. ಆದರೆ ನಡೆಯುವುದು ಅದೇ. ಯಾಕೆ ಅಂತ ತಿಳಿಯಬೇಕಾದರೆ ಈ ಭಾಗಗಳು ಹೇಗೆ ಒಂದಕ್ಕೊಂದು ಕೆಲಸ ದಾಟಿಸುತ್ತವೆ ಎಂದು ಮೊದಲು ನೋಡಬೇಕು.

ಹಳೆ ಇಂಜಿನ್‌ಗಳಲ್ಲಿ ಜಾಸ್ತಿ ಸಿಗುವುದು ಪುಶ್‌ರಾಡ್ ಮಾದರಿ. 1951ರಲ್ಲಿ ಆಸ್ಟಿನ್ ಎ30 ಕಾರಿನ ಜೊತೆ ಬಂದು, ಮುಂದೆ ಮಾರಿಸ್ ಮೈನರ್ ಮತ್ತು ಮಿನಿಯಲ್ಲೂ ಓಡಿದ ಎ-ಸೀರೀಸ್ ಇಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಲಾಕ್ ಒಳಗೆ ಕ್ಯಾಮ್‌ಶಾಫ್ಟ್ ತಿರುಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಇದು ಒಂದು ಸುತ್ತು. ಅದರ ಮೇಲಿನ ಉಬ್ಬಿಗೆ ಲೋಬ್ ಎನ್ನುತ್ತಾರೆ. ಲೋಬ್ ಟ್ಯಾಪೆಟ್ಟನ್ನು ಮೇಲೆ ತಳ್ಳುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತದೆ, ಪುಶ್‌ರಾಡ್ ರಾಕರ್‌ನ ಒಂದು ತುದಿಯನ್ನು ಎತ್ತುತ್ತದೆ. ರಾಕರ್ ಏತದ ಹಾಗೆ ತೂಗಿ ಇನ್ನೊಂದು ತುದಿಯಿಂದ ವಾಲ್ವನ್ನು ಕೆಳಗೆ ಒತ್ತುತ್ತದೆ. ಲೋಬ್ ದಾಟಿದ ಮೇಲೆ ಸ್ಪ್ರಿಂಗ್ ಆ ವಾಲ್ವನ್ನು ಮತ್ತೆ ಸೀಟ್ ಮೇಲೆ, ಅಂದರೆ ಅದು ಮುಚ್ಚಿ ಕೂರುವ ಅಂಚಿನ ಮೇಲೆ, ಎಳೆದು ಕೂರಿಸುತ್ತದೆ. ಇಂಜಿನ್ 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಓಡುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ.

1908ರ ಫೋರ್ಡ್ ಮಾಡೆಲ್ ಟಿ, 1932ರ ಫೋರ್ಡ್ ವಿ8 ತರಹದ ಸೈಡ್ ವಾಲ್ವ್ ಇಂಜಿನ್‌ಗಳಲ್ಲಿ ಪುಶ್‌ರಾಡೂ ಇಲ್ಲ, ರಾಕರೂ ಇಲ್ಲ. ವಾಲ್ವ್‌ಗಳು ಬ್ಲಾಕ್‌ನಲ್ಲೇ ನಿಂತಿರುತ್ತವೆ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಇಂಜಿನ್‌ನಲ್ಲಿ ಎರಡು ಕ್ಯಾಮ್‌ಶಾಫ್ಟ್‌ಗಳು ಹೆಡ್ ಮೇಲೇ ಕೂತಿವೆ. ಜೋಡಣೆ ಬೇರೆಯಾದರೂ ವಾಲ್ವ್, ಸೀಟ್, ಗೈಡ್ (ವಾಲ್ವ್‌ನ ಕಡ್ಡಿ ಜಾರುವ ಕೊಳವೆ), ಸ್ಪ್ರಿಂಗ್‌ಗಳ ಕಾಯಿಲೆಗಳು ಎಲ್ಲ ಕಡೆ ಒಂದೇ.

ಆ ಸಣ್ಣ ಸಂದು

ವಾಲ್ವ್ ಮುಚ್ಚಿರುವಾಗ ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಒಂದು ಸಣ್ಣ ಸಂದು ಇರಲೇಬೇಕು. ಎ-ಸೀರೀಸ್‌ನಲ್ಲಿ ಸಾಮಾನ್ಯವಾಗಿ ಇಂಜಿನ್ ತಣ್ಣಗಿರುವಾಗ 0.012 ಇಂಚು, ಅಂದರೆ ಸುಮಾರು 0.30 ಮಿಲಿಮೀಟರ್. ಇಂಚಿನ ಸಾವಿರದಲ್ಲೊಂದು ಭಾಗವನ್ನು ಥೌ ಎನ್ನುವುದು ರೂಢಿ. ಆ ಲೆಕ್ಕದಲ್ಲಿ ಇದು 12 ಥೌ. ಕಾರಿನಿಂದ ಕಾರಿಗೆ ಈ ಅಳತೆ ಬದಲಾಗುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬಿಸಿ ಇರುವಾಗ ಅಳೆಯಬೇಕು, ಕೆಲವುಗಳಲ್ಲಿ ತಣ್ಣಗಿರುವಾಗ. ಆ ಇಂಜಿನ್‌ನ ಕೈಪಿಡಿ ಹೇಳಿದ್ದೇ ಕೊನೆ ಮಾತು.

ಈ ಸಂದು ಯಾಕೆ? ಓಡುವಾಗ ಎಕ್ಸಾಸ್ಟ್ ವಾಲ್ವ್‌ನ ತಲೆ 700ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಾದ ಲೋಹ ಉದ್ದ ಆಗುತ್ತದೆ. ಹಾಗೆ ಬೆಳೆಯಲು ಜಾಗ ಇಲ್ಲದಿದ್ದರೆ ರಾಕರ್ ಅದನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ವಾಲ್ವ್ ಒಂದು ಕೂದಲೆಳೆಯಷ್ಟು ತೆರೆದೇ ಇರುತ್ತದೆ.

ಆ ಕೂದಲೆಳೆಯಷ್ಟು ಸಾಕು. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಮುಕ್ಕಾಲು ಪಾಲಿನಷ್ಟನ್ನು ಸೀಟ್ ಮೂಲಕವೇ ಹೆಡ್‌ಗೆ ಬಿಟ್ಟುಕೊಡುತ್ತದೆ. ಸೀಟ್ ಮೇಲೆ ಸರಿಯಾಗಿ ಕೂತರೆ ಮಾತ್ರ ಅದಕ್ಕೆ ತಣ್ಣಗಾಗುವ ಅವಕಾಶ. ಕೂರದಿದ್ದರೆ ಬಿಸಿ ಹೋಗಲು ದಾರಿ ಇಲ್ಲ. ಸಾಲದ್ದಕ್ಕೆ ಉರಿಯುವ ಗ್ಯಾಸ್ ಆ ಸಂದಿನಿಂದ ನುಗ್ಗಿ ಅಂಚನ್ನು ಕೊರೆಯುತ್ತದೆ. ಇಷ್ಟೆಲ್ಲ ಆಗುವಾಗ ಟ್ಯಾಪೆಟ್ ಸದ್ದು ಮಾತ್ರ ಬರುವುದೇ ಇಲ್ಲ. ಸಂದು ಜಾಸ್ತಿ ಆದ ವಾಲ್ವ್ ಟಕ್ ಟಕ್ ಅಂತ ಹೇಳಿಕೊಳ್ಳುತ್ತದೆ, ಸ್ವಲ್ಪ ಪಿಕಪ್ ಕಡಿಮೆ ಆಗುತ್ತದೆ, ಕಾಲಕ್ರಮೇಣ ತುದಿ ಸವೆಯುತ್ತದೆ. ಸಂದು ಕಡಿಮೆ ಆದ ವಾಲ್ವ್ ಸದ್ದಿಲ್ಲದೆ ಸುಡುತ್ತದೆ. ಹಾಗಾಗಿ ಅನುಮಾನ ಇದ್ದರೆ ಒಂದು ಥೌ ಸಡಿಲವೇ ಇರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬಿಚ್ಚುವ ಮೊದಲು ಕೇಳಿ, ಅಳೆಯಿರಿ

ಸದ್ದು ಬಂದರೆ ಅದು ವಾಲ್ವ್‌ನದ್ದೇ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಅಚ್ಚು ಟ್ಯಾಪೆಟ್ ಸದ್ದೇ ಬರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಲೋಹ ಹಿಗ್ಗಿ ಸೋರಿಕೆ ಮುಚ್ಚಿಕೊಂಡು ಸದ್ದು ಕಡಿಮೆ ಆದರೆ ಮ್ಯಾನಿಫೋಲ್ಡ್ ಕಡೆ ಅನುಮಾನ ಪಡಬೇಕು. ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಕೂಡ ಕ್ಯಾಮ್‌ಶಾಫ್ಟ್‌ನಿಂದಲೇ ಓಡುತ್ತದೆ, ಅದೂ ಟಿಕ್ ಅನ್ನುತ್ತದೆ. ಬೇರಿಂಗ್ ಬಡಿತ ಬೇರೆ: ಅದು ದಪ್ಪ ದನಿ, ಇಂಜಿನ್‌ನ ಕೆಳಗಿನಿಂದ ಬರುತ್ತದೆ. ಅನುಮಾನದ ಸಿಲಿಂಡರ್‌ನ ಸ್ಪಾರ್ಕ್ ನಿಲ್ಲಿಸಿದರೆ ಬಿಗ್ ಎಂಡ್ ಬೇರಿಂಗ್‌ನ ಸದ್ದು ತಗ್ಗುತ್ತದೆ. ಟ್ಯಾಪೆಟ್ ಸದ್ದು ಇದ್ದ ಹಾಗೇ ಇರುತ್ತದೆ.

ಮೆಕ್ಯಾನಿಕ್‌ಗಳು ಬಳಸುವ ಸ್ಟೆತಸ್ಕೋಪ್ ಇದ್ದರೆ ಒಳ್ಳೆಯದು. ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿಕೊಂಡರೂ ಸಾಕು. ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಕೈ, ತಲೆ, ಸಡಿಲ ಬಟ್ಟೆ ಹೋಗದ ಹಾಗೆ ನೋಡಿಕೊಳ್ಳಿ. ಪುಶ್‌ರಾಡ್ ಇಂಜಿನ್‌ನಲ್ಲಿ ಇನ್ನೊಂದು ಹಳೆ ಉಪಾಯ ಇದೆ. ರಾಕರ್ ಕವರ್ ತೆಗೆದು, ಇಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದ ನಿಧಾನ ಓಟದಲ್ಲಿ) ಇರುವಾಗ ಒಂದೊಂದೇ ರಾಕರ್ ಕೆಳಗೆ, ಸಂದು ಅಳೆಯುವ ಫೀಲರ್ ಗೇಜ್‌ನ ತೆಳು ಎಲೆ ತೂರಿಸುವುದು. ಯಾವುದರ ಕೆಳಗೆ ಹೋದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಬಿಸಿ ಆಯಿಲ್ ಎರಚುತ್ತದೆ, ಕನ್ನಡಕ ಹಾಕಿಕೊಳ್ಳಿ.

ಸದ್ದು ಇಲ್ಲದೆ ಗಾಡಿ ಬರೀ ಮಿಸ್ ಹೊಡೆಯುತ್ತಿದೆ ಅಂದರೆ? ಪ್ಲಗ್, ಪಾಯಿಂಟ್, ಟೈಮಿಂಗ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಕಂಪ್ರೆಶನ್ ಪರೀಕ್ಷೆ, ಅಂದರೆ ಪ್ಲಗ್ ತೂತಿಗೆ ಗೇಜ್ ಇಟ್ಟು, ಸ್ಟಾರ್ಟರ್ ತಿರುಗಿಸಿ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು. ಇಂಜಿನ್ ಬಿಸಿಯಿರಬೇಕು, ಎಲ್ಲ ಪ್ಲಗ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಬಿಸಿಯಿರಬೇಕು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಬಿಗಿಯಾದ ವಾಲ್ವ್ ತಣ್ಣಗಿರುವಾಗ ಚೆನ್ನಾಗಿಯೇ ಮುಚ್ಚುತ್ತದೆ, ಬಿಸಿಯಾದಾಗ ಮಾತ್ರ ಸೋರುತ್ತದೆ. ತಣ್ಣನೆ ಇಂಜಿನ್‌ನಲ್ಲಿ ಪರೀಕ್ಷೆ ಮಾಡಿದರೆ ಅದು ಸಿಕ್ಕಿಬೀಳುವುದೇ ಇಲ್ಲ.

ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಆಯಿಲ್ ರಿಂಗ್ ಸುತ್ತ ಮುಚ್ಚಿಕೊಂಡಿದ್ದರಿಂದ ಒತ್ತಡ ನಿಂತಿತು. ಅಂಕಿ ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ಇದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ.

ಇನ್ನೂ ಖಚಿತ ಬೇಕಾದರೆ ಲೀಕ್ ಪರೀಕ್ಷೆ. ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕ್‌ನ ತುತ್ತತುದಿಗೆ ತಂದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು, ಎಲ್ಲಿಂದ ಬುಸ್ಸ್ ಅನ್ನುತ್ತದೆ ಅಂತ ಕೇಳುವುದು. ಕಾರ್ಬೊರೇಟರ್‌ನಿಂದ ಬಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರ್ ಬಾಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಿಂದ ಬಂದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು. ಹೆಡ್ ಮುಟ್ಟದೆಯೇ ಇಷ್ಟು ತಿಳಿಯುತ್ತದೆ ಅಂದರೆ ಸಣ್ಣ ಮಾತಲ್ಲ. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ಥಟ್ಟನೆ ತಿರುಗಬಹುದು, ಹಾಗಾಗಿ ಗಾಡಿಯನ್ನು ಗೇರ್‌ನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಿರಿ.

ಇಂಜಿನ್ ಗಾಳಿ ಎಳೆದುಕೊಳ್ಳುವ ಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜನ್ನು ಈಗ ತುಂಬಾ ಜನ ಮರೆತಿದ್ದಾರೆ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಇನ್‌ಲೆಟ್ ಮ್ಯಾನಿಫೋಲ್ಡ್‌ಗೆ ಜೋಡಿಸಿ ಮುಳ್ಳು ನೋಡುತ್ತಾ ನಿಂತರೆ ಸಾಕು. ಆರೋಗ್ಯವಾಗಿರುವ ಇಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಎತ್ತರದ ಊರುಗಳಲ್ಲಿ ಪ್ರತಿ 1000 ಅಡಿಗೆ ಸುಮಾರು ಒಂದು ಇಂಚು ಕಡಿಮೆ ಲೆಕ್ಕ ಹಾಕಿ. ಮುಳ್ಳು ತಾಳ ಹಿಡಿದ ಹಾಗೆ ಒಂದೇ ಸಮನೆ ಕುಸಿದು ಏಳುತ್ತಿದ್ದರೆ ಒಂದು ವಾಲ್ವ್ ಸುಟ್ಟಿದೆ. ಆಗೊಮ್ಮೆ ಈಗೊಮ್ಮೆ ಕುಸಿದರೆ ವಾಲ್ವ್ ಗೈಡ್‌ನಲ್ಲಿ ಅಂಟಿಕೊಳ್ಳುತ್ತಿದೆ. ಐಡಲ್‌ನಲ್ಲಿ ಪಟಪಟ ನಡುಗಿ, ವೇಗ ಏರಿಸಿದಾಗ ಸ್ಥಿರವಾದರೆ ಗೈಡ್ ಸವೆದಿದೆ. ವೇಗ ಏರಿಸಿದಷ್ಟೂ ಓಲಾಟ ದೊಡ್ಡದಾದರೆ ಸ್ಪ್ರಿಂಗ್ ಬಲ ಕಳೆದುಕೊಂಡಿದೆ. ಕಡಿಮೆ ಅಂಕಿಯಲ್ಲಿ ಅಲ್ಲಾಡದೆ ನಿಂತರೆ ಇಗ್ನಿಷನ್ ಅಥವಾ ವಾಲ್ವ್ ಟೈಮಿಂಗ್ ಹಿಂದೆ ಬಿದ್ದಿರಬಹುದು. ಟೈಮಿಂಗ್ ಚೈನ್ ನೋಡಿ.

ಹೊಗೆಯೂ ಮಾತಾಡುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ಒತ್ತಿದಾಗ ಬುಸ್ಸಂತ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್‌ನಿಂದ ಆಯಿಲ್ ಇಳಿಯುತ್ತಿದೆ. ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ ರಿಂಗ್ ಕಡೆ ಅನುಮಾನ.

ಕಾರ್ಬೊರೇಟರ್‌ನಿಂದ ಪಟ್ ಪಟ್ ಅಂತ ಹಿಂದಕ್ಕೆ ಉಗುಳುವುದು ಇನ್ನೊಂದು ಸುಳಿವು. ಇನ್‌ಲೆಟ್ ವಾಲ್ವ್ ಮುಚ್ಚದಿದ್ದರೆ ಹೀಗಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಎಕ್ಸಾಸ್ಟ್ ಲೋಬ್ ಸವೆದು ಚಪ್ಪಟೆಯಾದರೂ ಇದೇ ಆಗುತ್ತದೆ ಅನ್ನುವುದು ಕಡಿಮೆ ಜನಕ್ಕೆ ಗೊತ್ತು. ಉರಿದ ಗ್ಯಾಸ್‌ಗೆ ಹೊರಗೆ ಹೋಗಲು ದಾರಿ ಇಲ್ಲ, ಇನ್‌ಲೆಟ್ ತೆರೆದ ಕೂಡಲೇ ಅದು ಕಾರ್ಬೊರೇಟರ್ ಕಡೆ ನುಗ್ಗುತ್ತದೆ. ಕಾರ್ಬೊರೇಟರನ್ನು ಎಷ್ಟು ಸಲ ಬಿಚ್ಚಿ ತೊಳೆದರೂ ಇದು ಹೋಗುವುದಿಲ್ಲ.

ರಾಕರ್ ಕವರ್ ತೆಗೆದ ಮೇಲೆ

ಈಗ ಫೀಲರ್ ಗೇಜ್. ಯಾವ ವಾಲ್ವ್ ಅಳೆಯುತ್ತೀರೋ ಅದರ ಟ್ಯಾಪೆಟ್ ಲೋಬ್‌ನ ದುಂಡು ಭಾಗದ ಮೇಲೆ ಇರಬೇಕು. ಎ-ಸೀರೀಸ್ ತರಹದ ನಾಲ್ಕು ಸಿಲಿಂಡರ್, ಎಂಟು ವಾಲ್ವ್‌ನ ಇಂಜಿನ್‌ಗೆ ಒಂಬತ್ತರ ಲೆಕ್ಕ ಇದೆ. 8ನೇ ವಾಲ್ವ್ ಪೂರ್ತಿ ತೆರೆದಿರುವಾಗ 1ನೇದನ್ನು ಅಳೆಯಿರಿ. 6ನೇದು ತೆರೆದಾಗ 3ನೇದು. ಎರಡು ಅಂಕಿ ಕೂಡಿದರೆ ಯಾವಾಗಲೂ ಒಂಬತ್ತು. ಪ್ಲಗ್ ತೆಗೆದಿಟ್ಟರೆ ಇಂಜಿನ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ.

ತಕ್ಷಣ ಸರಿ ಮಾಡಲು ಹೋಗಬೇಡಿ. ಮೊದಲು ಎಂಟೂ ಅಂಕಿ ಬರೆದುಕೊಳ್ಳಿ. ಹಿಂದಿನ ಸಲದ ಅಂಕಿ ಇದ್ದರೆ ಪಕ್ಕದಲ್ಲಿಡಿ. ಈ ಹೋಲಿಕೆಯಷ್ಟು ಬೆಲೆಬಾಳುವ ಮಾಹಿತಿ ಬೇರೆ ಯಾವ ಉಪಕರಣವೂ ಕೊಡುವುದಿಲ್ಲ. ಸಂದು ಹಿಗ್ಗಿದ್ದರೆ ಲೋಬ್, ಟ್ಯಾಪೆಟ್, ಪುಶ್‌ರಾಡ್ ತುದಿ, ರಾಕರ್ ಇವುಗಳಲ್ಲಿ ಯಾವುದೋ ಒಂದು ಸವೆಯುತ್ತಿದೆ. ಸಂದು ಕುಗ್ಗಿದ್ದರೆ ವಾಲ್ವ್ ಸೀಟ್ ಒಳಗೆ ಇಳಿಯುತ್ತಿದೆ, ಅಥವಾ ವಾಲ್ವೇ ಬಿಸಿಗೆ ಎಳೆದುಕೊಂಡು ಉದ್ದ ಆಗುತ್ತಿದೆ. ಸುಮ್ನೆ 12 ಥೌಗೆ ತಂದು ಕವರ್ ಮುಚ್ಚಿದರೆ ಈ ಸಾಕ್ಷಿ ಅಳಿಸಿಹೋಗುತ್ತದೆ.

ರಾಕರ್‌ನ ಮೂತಿಯನ್ನೂ ಗಮನಿಸಿ. ವಾಲ್ವ್ ತುದಿ ಒತ್ತಿ ಒತ್ತಿ ಅಲ್ಲಿ ಗುಳಿ ಬಿದ್ದಿರುತ್ತದೆ. ಫೀಲರ್ ಎಲೆ ಆ ಗುಳಿಯ ಎರಡು ದಡದ ಮೇಲೆ ಸೇತುವೆ ಕಟ್ಟಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಗುಳಿ 5 ಥೌ ಆಳ ಇದ್ದರೆ, ನೀವು 12 ಅಂದುಕೊಂಡದ್ದು ನಿಜಕ್ಕೂ 17. ಅಳತೆ ಸರಿ ಇದ್ದರೂ ಸದ್ದು ಹೋಗದಿದ್ದರೆ ಬಹಳ ಸಲ ಕಾರಣ ಇದೇ. ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್‌ನಲ್ಲಿ ಅಳೆದರೆ ನಿಜ ತಿಳಿಯುತ್ತದೆ. ಪರಿಹಾರ ರಾಕರ್ ಮೂತಿಯನ್ನು ಮೆಷಿನ್ ಶಾಪ್‌ನಲ್ಲಿ ಮತ್ತೆ ನಯ ಮಾಡಿಸುವುದು ಅಥವಾ ರಾಕರ್ ಬದಲಾಯಿಸುವುದು. ಹಾಗೇ ರಾಕರ್ ಶಾಫ್ಟ್‌ನ ಕೆಳಮೈ ಮುಟ್ಟಿ ನೋಡಿ. ಎರಡು ಕಡೆಯಿಂದಲೂ ರಾಕರ್ ಮೇಲಕ್ಕೆ ತಳ್ಳಿಸಿಕೊಳ್ಳುವುದರಿಂದ ಶಾಫ್ಟ್ ಸವೆಯುವುದು ಅಡಿಯಲ್ಲಿ. ಮೇಲಿಂದ ನೋಡಿದರೆ ಹೊಸದರ ಹಾಗೆ ಹೊಳೆಯುತ್ತದೆ, ಬೆರಳಿಟ್ಟರೆ ಮೆಟ್ಟಿಲು ಸಿಗುತ್ತದೆ. ಶಾಫ್ಟ್‌ನ ಆಯಿಲ್ ತೂತುಗಳಲ್ಲಿ ಕೆಸರು ಕಟ್ಟಿಕೊಂಡಿದ್ದರೆ ಅದೇ ಮೂಲ ಕಾರಣ.

ಪುಶ್‌ರಾಡ್ ನೆಟ್ಟಗಿದೆಯಾ ಅಂತ ನೋಡಲು ಗಾಜಿನ ಮೇಲೆ ಉರುಳಿಸಿ. ಕ್ಯಾಮ್ ಲೋಬ್ ನೋಡಲು ಡಯಲ್ ಗೇಜನ್ನು ಪುಶ್‌ರಾಡ್ ತುದಿಗೆ ಇಟ್ಟು, ಇಂಜಿನ್ ನಿಧಾನ ತಿರುಗಿಸಿ, ಪ್ರತಿಯೊಂದೂ ಎಷ್ಟು ಏಳುತ್ತದೆ ಅಂತ ಬರೆದುಕೊಳ್ಳಿ. ಎಕ್ಸಾಸ್ಟ್‌ಗಳನ್ನು ಎಕ್ಸಾಸ್ಟ್‌ಗಳ ಜೊತೆ, ಇನ್‌ಲೆಟ್‌ಗಳನ್ನು ಇನ್‌ಲೆಟ್‌ಗಳ ಜೊತೆ ಹೋಲಿಸಿ. ಒಂದು ಮಾತ್ರ ಹಿಂದೆ ಬಿದ್ದರೆ ಆ ಲೋಬ್ ಹೋಗಿದೆ. ಅಂಥ ಕಡೆ ಟ್ಯಾಪೆಟ್‌ನ ತಳವೂ ಹೊಂಡ ಬಿದ್ದಿರುತ್ತದೆ. ಹೊಸ ಟ್ಯಾಪೆಟ್‌ನ ತಳ ತುಸು ಉಬ್ಬಿರುತ್ತದೆ. ಓಡುವಾಗ ಅದು ತನ್ನಷ್ಟಕ್ಕೆ ತಿರುಗುತ್ತಾ ಸವೆತವನ್ನು ಹಂಚಿಕೊಳ್ಳಲಿ ಅಂತ ಹಾಗೆ ಮಾಡಿರುತ್ತಾರೆ. ತಿರುಗುವುದು ನಿಂತರೆ ಲೋಬ್‌ನ ಕಥೆ ಬೇಗ ಮುಗಿಯುತ್ತದೆ. ಹೊಸ ಕ್ಯಾಮ್‌ಶಾಫ್ಟ್‌ಗೆ ಹಳೆ ಟ್ಯಾಪೆಟ್ ಹಾಕಬಾರದು. ಹಳೆ ಕ್ಯಾಮ್‌ಶಾಫ್ಟನ್ನೇ ಉಳಿಸಿಕೊಂಡರೆ ಪ್ರತಿ ಟ್ಯಾಪೆಟ್ ತನ್ನ ಹಳೆ ಜಾಗಕ್ಕೇ ಹೋಗಬೇಕು.

ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್‌ಗಳಲ್ಲಿ ಸಂದಿನ ತಲೆನೋವಿಲ್ಲ. 1930ರ ಕ್ಯಾಡಿಲಾಕ್ ವಿ16ರಲ್ಲೇ ಅಂಥ ಏರ್ಪಾಡು ಇತ್ತು. ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡ್ ಸದ್ದು ಬಂದರೆ ಪರವಾಗಿಲ್ಲ. ನಿಲ್ಲದಿದ್ದರೆ ಆಯಿಲ್ ಒತ್ತಡ ನೋಡಿ, ಆಮೇಲೆ ಟ್ಯಾಪೆಟ್ ಒಳಗಿನ ಅಂಟು.

ವರ್ಷಗಟ್ಟಲೆ ನಿಂತಿದ್ದ ಕಾರು ಕೈಗೆ ಬಂದರೆ ಸ್ಟಾರ್ಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಕವರ್ ತೆಗೆದು, ಇಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲ ವಾಲ್ವ್ ಎದ್ದು ಕೂರುತ್ತಿವೆಯಾ ಅಂತ ನೋಡಿ. ತುಕ್ಕು ಮತ್ತು ಒಣಗಿದ ಪೆಟ್ರೋಲ್‌ನ ಅಂಟಿನಿಂದ ಗೈಡ್‌ನಲ್ಲಿ ಸಿಕ್ಕಿಕೊಂಡ ವಾಲ್ವ್ ಇದ್ದರೆ ಸ್ಟಾರ್ಟರ್‌ನ ಬಲಕ್ಕೆ ಪುಶ್‌ರಾಡ್ ಬಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದೆರಡು ದಿನ ಬಿಟ್ಟು, ಮೆಲ್ಲಗೆ ತಟ್ಟಿದರೆ ಎಷ್ಟೋ ವಾಲ್ವ್‌ಗಳು ಬಿಡುತ್ತವೆ.

ಹೆಡ್ ಇಳಿಸಬೇಕಾಗಿ ಬಂದರೆ

ವಾಲ್ವ್ ಸೋರುತ್ತಿದೆ ಅಂತ ಖಚಿತವಾದರೆ ಹೆಡ್ ಇಳಿಸದೆ ಬೇರೆ ದಾರಿ ಇಲ್ಲ. ಸ್ಪ್ರಿಂಗ್ ಅಥವಾ ಸೀಲ್ ಮಾತ್ರ ಬದಲಾಯಿಸಬೇಕಾದರೆ ಬೇಕಾಗಿಲ್ಲ. ಪ್ಲಗ್ ತೂತಿನಿಂದ ಮೆತ್ತನೆ ಹಗ್ಗ ತುಂಬಿ, ಪಿಸ್ಟನ್ನನ್ನು ಮೇಲೆ ತಂದರೆ ಹಗ್ಗವೇ ವಾಲ್ವನ್ನು ಬೀಳದ ಹಾಗೆ ಹಿಡಿದಿರುತ್ತದೆ.

ಹೆಡ್‌ನ ನಟ್‌ಗಳನ್ನು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಿಗಿ ಮಾಡುವ ಕ್ರಮದ ಉಲ್ಟಾ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದು ರಟ್ಟಿಗೆ ತೂತು ಮಾಡಿ ನಂಬರ್ ಬರೆದು, ವಾಲ್ವ್ ಮತ್ತು ಪುಶ್‌ರಾಡ್‌ಗಳನ್ನು ಕ್ರಮವಾಗಿ ಚುಚ್ಚಿಡಿ. ಸೀಸ ಬೆರೆತ ಪೆಟ್ರೋಲ್ ಕಾಲದಲ್ಲಿ ಓಡಿದ ಇಂಜಿನ್ ಆದರೆ ಒಳಗಿನ ಬೂದಿಯಲ್ಲಿ ಸೀಸ ಇರುತ್ತದೆ. ಒಣಗಿದ್ದಾಗ ಕೆರೆದು ಪುಡಿ ಎಬ್ಬಿಸಬೇಡಿ; ಒದ್ದೆ ಮಾಡಿ, ಮಾಸ್ಕ್ ಹಾಕಿ ಕೆರೆಯಿರಿ. ವಾಲ್ವ್ ತುದಿ ಅಣಬೆಯಂತೆ ಅರಳಿದ್ದರೆ ಅದನ್ನು ಗೈಡ್‌ನಿಂದ ಬಡಿದು ಹೊರಗೆ ತೆಗೆಯಬಾರದು, ಗೈಡ್ ಹಾಳಾಗುತ್ತದೆ. ಮೊದಲು ಅಂಚನ್ನು ಅರದಿಂದ ಉಜ್ಜಿ ಸಣ್ಣ ಮಾಡಬೇಕು.

ಕೆಲಸದ ಕ್ರಮ ಇಲ್ಲಿ ತುಂಬಾ ಮುಖ್ಯ. ಗೈಡ್ ಮೊದಲು, ಸೀಟ್ ಆಮೇಲೆ. ಸೀಟ್ ಕತ್ತರಿಸುವ ಉಪಕರಣ ಗೈಡನ್ನೇ ನಡುಗಂಬವಾಗಿ ಹಿಡಿದು ತಿರುಗುತ್ತದೆ. ಸವೆದ ಗೈಡ್ ಇಟ್ಟುಕೊಂಡು ಸೀಟ್ ಕತ್ತರಿಸಿದರೆ ಸೀಟ್ ಒಂದು ಕಡೆಗೆ ವಾಲುತ್ತದೆ. ವಾಲ್ವನ್ನು ಸ್ವಲ್ಪ ಎತ್ತಿ ಅಕ್ಕಪಕ್ಕ ಅಲ್ಲಾಡಿಸಿದಾಗ ಕೈಗೆ ಸ್ಪಷ್ಟವಾಗಿ ಆಟ ಸಿಕ್ಕರೆ ಗೈಡ್ ಬದಲಾಯಿಸಿ. ಹೊಸ ಗೈಡ್‌ನಲ್ಲಿ ಸಾಮಾನ್ಯವಾಗಿ 1ರಿಂದ 3 ಥೌ ಸಡಿಲ ಇರುತ್ತದೆ.

ವಾಲ್ವ್ ಮತ್ತು ಸೀಟ್ ಸೇರುವ ಕೋನ ಹೆಚ್ಚಾಗಿ 45 ಡಿಗ್ರಿ, ಕೆಲವು ಇನ್‌ಲೆಟ್‌ಗಳಲ್ಲಿ 30. ಮೇಲ್ಮೈ ಚೆನ್ನಾಗಿದ್ದರೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಸಕ್ಷನ್ ಕಪ್ ಇರುವ ಕೋಲಿನಿಂದ ಹಿಂದೆ ಮುಂದೆ ಉಜ್ಜಿದರೆ ಸಾಕು. ಸುತ್ತಲೂ ಕಡಿಯದ, ಒಂದೇ ಅಗಲದ ಬೂದು ಬಣ್ಣದ ಪಟ್ಟಿ ಬರಬೇಕು. ಆ ಪಟ್ಟಿ ವಾಲ್ವ್ ಮುಖದ ನಡುವೆ ಇರಲಿ. ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಎಕ್ಸಾಸ್ಟ್‌ಗೆ ತುಸು ಜಾಸ್ತಿ ಇದ್ದರೆ ಒಳ್ಳೆಯದು, ಬಿಸಿ ಹೋಗಲು ಜಾಗ ಸಿಗುತ್ತದೆ. ಆಳವಾಗಿ ಗುಳಿ ಬಿದ್ದ ವಾಲ್ವನ್ನು ಪೇಸ್ಟ್‌ನಲ್ಲಿ ಗಂಟೆಗಟ್ಟಲೆ ಉಜ್ಜುವುದು ತಪ್ಪು. ಗುಳಿ ಹೋಗುವ ಹೊತ್ತಿಗೆ ವಾಲ್ವ್ ಮುಖದಲ್ಲಿ ತೋಡು ಬಿದ್ದಿರುತ್ತದೆ. ಅಂಥದ್ದನ್ನು ಮೆಷಿನ್‌ನಲ್ಲೇ ಮಾಡಿಸಬೇಕು. ಮಾಡಿಸಿದ ಮೇಲೆ ವಾಲ್ವ್ ತಲೆಯ ಅಂಚು ಚಾಕುವಿನ ಹಾಗೆ ತೆಳುವಾಗಿದ್ದರೆ ಎಸೆದುಬಿಡಿ, ಅದು ಬೇಗ ಸುಡುತ್ತದೆ.

ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ತೊಳೆದು, ಜೋಡಿಸಿ, ಪೋರ್ಟ್ (ಹೆಡ್‌ನಲ್ಲಿ ಗ್ಯಾಸ್ ಓಡಾಡುವ ದಾರಿ) ಒಳಗೆ ಸೀಮೆಎಣ್ಣೆ ಸುರಿಯಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ವಾಲ್ವ್ ಸುತ್ತ ಒದ್ದೆ ಕಾಣದಿದ್ದರೆ ಅದು ಹಿಡಿದಿದೆ.

ಸೀಸದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇದರ ಬಗ್ಗೆ ಭಯ ಜಾಸ್ತಿ. 1923ರಿಂದ ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸಿ ಮಾರಲು ಶುರು ಮಾಡಿದರು. ಉದ್ದೇಶ ಇಂಜಿನ್ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವುದು) ತಡೆಯುವುದು. ಜೊತೆಗೆ ಸೀಸದ ಪದರ ಎಕ್ಸಾಸ್ಟ್ ಸೀಟ್ ಮೇಲೆ ಕೂತು ಲೋಹ ಲೋಹಕ್ಕೆ ಅಂಟದ ಹಾಗೆ ಕಾಯುತ್ತಿತ್ತು. ಸೀಸ ಆರೋಗ್ಯಕ್ಕೆ ವಿಷ, ಅದು ಹೋಗಲೇಬೇಕಿತ್ತು. 2021ರಲ್ಲಿ ಜಗತ್ತಿನ ಕೊನೆಯ ಪಂಪ್‌ಗಳಲ್ಲೂ ಕಾರುಗಳಿಗೆ ಅದರ ಮಾರಾಟ ನಿಂತಿತು. ಈಗ ಬೀಡು ಕಬ್ಬಿಣದ ಹೆಡ್‌ನಲ್ಲೇ ಕೊರೆದ ಸೀಟ್ ಇರುವ ಇಂಜಿನ್‌ನಲ್ಲಿ, ಜೋರಾಗಿ ದೂರ ಓಡಿಸಿದರೆ, ಕಾದ ವಾಲ್ವ್ ಸೀಟ್‌ನ ಕಣಗಳನ್ನು ಕಿತ್ತು ಕಿತ್ತು ಒಳಗಿಳಿಯುತ್ತದೆ. ಆಗಲೇ ಸಂದು ಕುಗ್ಗುವುದು. ಗಟ್ಟಿ ಉಕ್ಕಿನ ಸೀಟ್ ಹಾಕಿಸಿದರೆ ತೊಂದರೆ ತೀರುತ್ತದೆ. ಆದರೆ ಇದೊಂದಕ್ಕೋಸ್ಕರ ಚೆನ್ನಾಗಿರುವ ಹೆಡ್ ಇಳಿಸಬೇಡಿ ಅನ್ನುತ್ತೇನೆ. ನಿಧಾನಕ್ಕೆ ಓಡುವ ಗಾಡಿ ಹಾಗೇ ಬಹಳ ಕಾಲ ಬಾಳುತ್ತದೆ. ಬೇರೆ ಕಾರಣಕ್ಕೆ ಹೆಡ್ ಇಳಿದಾಗ ಮಾಡಿಸಿದರಾಯಿತು. ಅಲ್ಯೂಮಿನಿಯಂ ಹೆಡ್‌ಗಳಲ್ಲಿ ಬೇರೆ ಸೀಟ್ ಮೊದಲೇ ಇರುತ್ತದೆ.

ಜೋಡಿಸುವಾಗ ಹೆಡ್ ನಟ್‌ಗಳು ಮೊದಲು, ಟ್ಯಾಪೆಟ್ ಆಮೇಲೆ. ಹೆಡ್ ಬಿಗಿಯಾದಂತೆ ಗ್ಯಾಸ್ಕೆಟ್ ಕುಗ್ಗಿ ಸಂದು ಬದಲಾಗುತ್ತದೆ. ಸಂದು ಸರಿ ಮಾಡುವ ಸ್ಕ್ರೂವಿನ ಲಾಕ್ ನಟ್ ಬಿಗಿ ಮಾಡಿದ ಮೇಲೆ ಫೀಲರ್ ಹಾಕಿ ಮತ್ತೊಮ್ಮೆ ನೋಡಲೇಬೇಕು, ಬಿಗಿಯುವಾಗ ಸ್ಕ್ರೂ ತುಸು ತಿರುಗಿರುತ್ತದೆ.

ಹೊಸ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್ ಹಾಕಿದ್ದರೆ ಮೊದಲ ಅರ್ಧ ಗಂಟೆಯೇ ಅದರ ಆಯಸ್ಸು ನಿರ್ಧರಿಸುತ್ತದೆ. ಲೋಬ್‌ಗೆ ಅಸೆಂಬ್ಲಿ ಪೇಸ್ಟ್ ಹಚ್ಚಿ. ಇಂಜಿನ್ ತಕ್ಷಣ ಹಿಡಿಯುವ ಹಾಗೆ ಪೆಟ್ರೋಲ್, ಸ್ಪಾರ್ಕ್ ಎಲ್ಲ ಮೊದಲೇ ಸಿದ್ಧ ಮಾಡಿಕೊಳ್ಳಿ. ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಏರಿಸಿ, 20ರಿಂದ 30 ನಿಮಿಷ ಐಡಲ್‌ಗೆ ಬಿಡಬೇಡಿ. ಐಡಲ್‌ನಲ್ಲಿ ಲೋಬ್ ಮೇಲೆ ಆಯಿಲ್ ಚಿಮ್ಮುವುದು ಕಡಿಮೆ. ಆಯಿಲ್ ಆರಿಸುವಾಗ ಜಿಂಕ್ ನೋಡಿ. ಲೋಬ್ ಮತ್ತು ಟ್ಯಾಪೆಟ್ ನಡುವೆ ಸವೆತ ತಡೆಯುವುದು ಜಿಂಕ್ ಮತ್ತು ರಂಜಕದ ಒಂದು ಸಂಯುಕ್ತ. ಅದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ ಅಂತ ಹೊಸ ಕಾರುಗಳ ಆಯಿಲ್‌ನಲ್ಲಿ ಕಡಿಮೆ ಮಾಡಿದ್ದಾರೆ. ಹಳೆ ಕಾರಿಗೆಂದೇ ಮಾಡಿದ ಆಯಿಲ್‌ಗಳಲ್ಲಿ ಅದು ಬೇಕಾದಷ್ಟಿರುತ್ತದೆ.

ಸುಮಾರು 500 ಮೈಲಿ ಓಡಿದ ಮೇಲೆ ಕವರ್ ಮತ್ತೆ ತೆಗೆಯಿರಿ. ನಿಮ್ಮ ಗ್ಯಾಸ್ಕೆಟ್‌ಗೆ ಹೇಳಿದ್ದರೆ ಹೆಡ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಎಂಟೂ ಸಂದು ಅಳೆದು ತಾರೀಕಿನ ಜೊತೆ ಬರೆಯಿರಿ. ಹೊಸದಾಗಿ ಉಜ್ಜಿದ ಸೀಟ್ ಸ್ವಲ್ಪ ಕೂರುವುದರಿಂದ ಈ ಸಲ ಒಂದೆರಡು ಥೌ ಕುಗ್ಗಿದ್ದರೆ ಗಾಬರಿ ಬೇಡ, ಸರಿ ಮಾಡಿ ಮುಚ್ಚಿ. ಅದೇ ವಾಲ್ವ್ ಮುಂದಿನ ಸಲವೂ, ಅದರಾಚೆಗಿನ ಸಲವೂ ಕುಗ್ಗುತ್ತಲೇ ಹೋದರೆ ಆ ಸೀಟನ್ನು ಬದಲಾಯಿಸಬೇಕು.